ತಗ್ಗಿಸಿದ ಸಿಲ್ವರಾಡೊ ಪಿಕಪ್ ಅನ್ನು ಎತ್ತರಿಸಬೇಕಾಗಿದೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸುಣ್ಣಕಲ್ಲಿನ_ದಾರಿ (ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಆಸ್ಟಿನ್ ನಗರದ ಪಶ್ಚಿಮಕ್ಕೆ, ಇಲ್ಲಿಯವರು ಹಿಲ್ ಕಂಟ್ರಿ ಎಂದು ಕರೆಯುವ ಗುಡ್ಡಗಾಡಿನಲ್ಲಿ ನಾವು ಸ್ವಲ್ಪ ಜಮೀನು ಕೊಂಡಿದ್ದೇವೆ. ಡಾಂಬರು ಮುಗಿದ ಮೇಲೆ ಎರಡು ಮೈಲಿ ಸುಣ್ಣಕಲ್ಲಿನ ಕಚ್ಚಾ ದಾರಿಯಿದೆ, ನಡುವೆ ಸೇತುವೆಯಿಲ್ಲದೆ ಹಳ್ಳದ ಪಾತ್ರದ ಮೇಲೆಯೇ ಕಾಂಕ್ರೀಟು ಹಾಸಿದ ಒಂದು ದಾಟು ಇದೆ. ಬೇಲಿ ಕಂಬ, ಗೊಬ್ಬರದ ಚೀಲ, ಕೆಲವೊಮ್ಮೆ ನೀರು ಸಾಗಿಸುವುದಕ್ಕೆಂದು 2004ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್ ಅನ್ನು ಬಳಸಿದ ಗಾಡಿಯಾಗಿ ಕೊಂಡೆ. ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆಯಿರುವ, 5.3 ಲೀಟರ್ ವಿ8 ಎಂಜಿನ್ನಿನ ಗಾಡಿ. ಎಂಜಿನ್ ಚೆನ್ನಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ, ಬೆಲೆಯೂ ಕಡಿಮೆಯಿತ್ತು. ಬೆಲೆ ಕಡಿಮೆಯಿದ್ದುದರ ಕಾರಣ ಕಣ್ಣಿಗೆ ಕಾಣುವಂತಹುದೇ: ಹಿಂದಿನ ಮಾಲೀಕರು ಗಾಡಿಯನ್ನು ನೆಲಕ್ಕೆ ಅಂಟಿಕೊಂಡಂತೆ ತಗ್ಗಿಸಿ, 20 ಇಂಚಿನ ರಿಮ್ಮುಗಳ ಮೇಲೆ 255/45 ಅಳತೆಯ (ಅಗಲ 255 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡ 45) ತೆಳು ಟೈರುಗಳನ್ನು ಹಾಕಿಸಿದ್ದಾರೆ. ದಾರಿಯ ನಡುವಿನ ದಿಣ್ಣೆಗೆ ಗಾಡಿಯ ಹೊಟ್ಟೆ ಉಜ್ಜದ ದಿನವಿಲ್ಲ.

ಹತ್ತಿರದ ಒಂದು ಗ್ಯಾರೇಜಿನವರು, ಈಗಿರುವುದನ್ನು ಏನನ್ನೂ ಬಿಚ್ಚದೆ, ಮುಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಮತ್ತು ಹಿಂದೆ ಆಕ್ಸಲ್ಲಿಗೆ, ಅಂದರೆ ಚಕ್ರಗಳ ಅಚ್ಚಿಗೆ, ಬ್ಲಾಕ್ ಎಂಬ ಲೋಹದ ತುಂಡು ಇಟ್ಟು ಒಂದೇ ದಿನದಲ್ಲಿ 6 ಇಂಚು ಎತ್ತರಿಸಿಕೊಡುವುದಾಗಿ ಹೇಳಿದರು. ಮಾತು ಸುಲಭವಾಗಿ ಕೇಳಿಸಿದ್ದರಿಂದಲೇ ನನಗೆ ಅನುಮಾನ ಬಂದಿದೆ. ಈ ಗಾಡಿಯಲ್ಲಿ ನನ್ನ ಹೆಂಡತಿ ಮತ್ತು ಮಕ್ಕಳೂ ಓಡಾಡುತ್ತಾರೆ. ತಗ್ಗಿಸಿದ ಗಾಡಿಯನ್ನು ಎತ್ತರಿಸುವ ಸರಿಯಾದ ಕ್ರಮ ಯಾವುದು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಗ್ಯಾರೇಜಿನ_ಮೂಲೆ (ಅರಿಜೋನಾ)

ನಿಮ್ಮ ಅನುಮಾನ ಸರಿಯಾಗಿದೆ. ಆ ಕೆಲಸವನ್ನು ಮಾಡಿಸಬೇಡಿ. ಇದೇ ಪೀಳಿಗೆಯ, ಅಂದರೆ 1999ರಿಂದ 2006ರವರೆಗಿನ ಎರಡು ಸಿಲ್ವರಾಡೊಗಳನ್ನು ನಾನೇ ಬಿಚ್ಚಿ ಜೋಡಿಸಿದ್ದೇನೆ, ಅವುಗಳಲ್ಲಿ ಒಂದು ನಿಮ್ಮದರಂತೆಯೇ ತಗ್ಗಿಸಿದ ಗಾಡಿಯಾಗಿತ್ತು. ಆ ಅನುಭವದಿಂದ ಹೇಳುವುದಾದರೆ, ಎತ್ತರಿಸುವ ಕೆಲಸ ಆರಂಭವಾಗುವುದು ಗಾಡಿ ಕಾರ್ಖಾನೆಯಿಂದ ಹೊರಬಂದಾಗಿನ ಎತ್ತರಕ್ಕೆ ಮರಳಿದ ಮೇಲೆ. ಅದಕ್ಕೆ ಮೊದಲು ಹಾಕುವ ಪ್ರತಿಯೊಂದು ಬಿಡಿಭಾಗವೂ ಹಿಂದಿನವರು ಮಾಡಿದ ಬದಲಾವಣೆಯ ವಿರುದ್ಧ ಎಳೆದಾಡುತ್ತದೆ.

ಮೊದಲು ಹಿಂಭಾಗವನ್ನು ನೋಡಿ. ನಿಮ್ಮ ಗಾಡಿಯಲ್ಲಿ ಕಾರ್ಖಾನೆಯ ವ್ಯವಸ್ಥೆಯಂತೆ ಲೀಫ್ ಸ್ಪ್ರಿಂಗು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಸೆಟ್ಟು, ಆಕ್ಸಲ್ಲಿನ ಮೇಲೆ ಕೂತಿರಬೇಕು. ಹೆಚ್ಚು ತಗ್ಗಿಸಲು ಬಯಸುವವರು ಆಕ್ಸಲ್ ಅನ್ನು ಸ್ಪ್ರಿಂಗಿನ ಕೆಳಗಿನಿಂದ ಮೇಲಕ್ಕೆ ತರುತ್ತಾರೆ. ಇದನ್ನು ಇಲ್ಲಿ ಫ್ಲಿಪ್ ಕಿಟ್ ಎನ್ನುತ್ತಾರೆ, ಇದೊಂದರಿಂದಲೇ ಗಾಡಿ ಐದಾರು ಇಂಚು ಕೆಳಗಿಳಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದ್ದರೆ, ಆ ಗ್ಯಾರೇಜಿನವರು ಹೇಳಿದ ಬ್ಲಾಕ್ ಗಾಡಿಯನ್ನು ಎತ್ತರಿಸುವುದಿಲ್ಲ. ಸ್ಪ್ರಿಂಗು ಆಕ್ಸಲ್ಲಿನ ಮೇಲಿರುವಾಗ ಅವೆರಡರ ನಡುವೆ ಇಟ್ಟ ಬ್ಲಾಕ್ ಸ್ಪ್ರಿಂಗನ್ನೂ ಅದರೊಡನೆ ಚಾಸಿಯನ್ನೂ ಮೇಲಕ್ಕೆ ತಳ್ಳುತ್ತದೆ. ಸ್ಪ್ರಿಂಗು ಆಕ್ಸಲ್ಲಿನ ಕೆಳಗಿರುವಾಗ ಅದೇ ಬ್ಲಾಕ್ ಸ್ಪ್ರಿಂಗನ್ನು ಇನ್ನಷ್ಟು ಕೆಳಕ್ಕೆ ತಳ್ಳಿ ಗಾಡಿಯನ್ನು ಮತ್ತಷ್ಟು ತಗ್ಗಿಸುತ್ತದೆ. ಗಾಡಿಯ ಕೆಳಗೆ ಒಮ್ಮೆ ಇಣುಕಿ ನೋಡದೆ ಕೊಟ್ಟ ಸಲಹೆ ಅದು ಎಂದು ನನಗೆ ಅನ್ನಿಸುತ್ತದೆ.

ಫ್ಲಿಪ್ ಕಿಟ್ ತೆಗೆಯುವಾಗ, ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ ಸ್ಪ್ರಿಂಗು ಕೂರಲು ಕಾರ್ಖಾನೆಯವರು ಬೆಸುಗೆ ಹಾಕಿದ ಪೀಠಗಳು ಇನ್ನೂ ಇವೆಯೇ ಎಂದು ಪರೀಕ್ಷಿಸಿ. ಕೆಲವರು ಜಾಗಕ್ಕಾಗಿ ಅವುಗಳನ್ನು ಕತ್ತರಿಸಿ ಹಾಕಿರುತ್ತಾರೆ. ಹಾಗಾಗಿದ್ದರೆ ಹೊಸ ಪೀಠಗಳನ್ನು ಬೆಸೆಯಬೇಕಾಗುತ್ತದೆ, ಬೆಸೆಯುವಾಗ ಪಿನಿಯನ್ನಿನ, ಅಂದರೆ ಆಕ್ಸಲ್ಲಿಗೆ ಚಾಲನೆ ಕೊಡುವ ಹಲ್ಲುಗಾಲಿಯ, ಕೋನ ತಪ್ಪಿದರೆ ಗೇರ್‌ಬಾಕ್ಸಿನಿಂದ ಅದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟು ಜೀವನಪೂರ್ತಿ ನಡುಗುತ್ತದೆ. ಎರಡು ಜಾಯಿಂಟುಗಳ ಸಾಮಾನ್ಯ ಶಾಫ್ಟಿನಲ್ಲಿ ಗೇರ್‌ಬಾಕ್ಸಿನ ಹೊರಗಿನ ತುದಿಯೂ ಪಿನಿಯನ್ನೂ ಒಂದಕ್ಕೊಂದು ಸಮಾಂತರವಾಗಿರಬೇಕು, ಪ್ರತಿ ಜಾಯಿಂಟಿನ ಕೋನ ಸುಮಾರು 1ರಿಂದ 3 ಡಿಗ್ರಿಯ ಒಳಗಿದ್ದರೆ ಒಳ್ಳೆಯದು. ಅಳತೆಯನ್ನು ನಾಲ್ಕೂ ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ತೆಗೆಯಬೇಕು. ಜ್ಯಾಕಿನ ಮೇಲೆ ತೂಗುಹಾಕಿ ಅಳೆದ ಕೋನಕ್ಕೆ ಅರ್ಥವಿಲ್ಲ.

ಇನ್ನೊಂದು ಸಂಗತಿಯನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ತಗ್ಗಿಸಿದ ಗಾಡಿಯಲ್ಲಿ ಆಕ್ಸಲ್ ಮೇಲೆ ಬಂದು ಚಾಸಿಗೆ ಬಡಿಯದಿರಲೆಂದು, ಆಕ್ಸಲ್ಲಿನ ನೇರ ಮೇಲಿರುವ ಚಾಸಿಯ ತಳವನ್ನು ಅರೆವೃತ್ತಾಕಾರವಾಗಿ ಕತ್ತರಿಸಿ, ಅಲ್ಲಿಗೆ ಸಿ ಆಕಾರದ ದಪ್ಪ ಉಕ್ಕಿನ ಬಲಪಟ್ಟಿಯನ್ನು ಬೋಲ್ಟಿನಿಂದಲೋ ಬೆಸುಗೆಯಿಂದಲೋ ಕೂರಿಸಿರುತ್ತಾರೆ. ತಗ್ಗಿಸುವುದಕ್ಕೆ ಹಾಕಿದ ಎಲ್ಲ ಭಾಗಗಳನ್ನೂ ತೆಗೆಯಬಹುದು, ಈ ಬಲಪಟ್ಟಿಯನ್ನು ಮಾತ್ರ ತೆಗೆಯಬಾರದು. ಕತ್ತರಿಸಿದ ಉಕ್ಕು ಮರಳಿ ಬರುವುದಿಲ್ಲ, ಆ ಜಾಗದಲ್ಲಿ ಭಾರ ಹೊರುತ್ತಿರುವುದು ಈಗ ಆ ಪಟ್ಟಿಯೇ. ಅದರ ಅಂಚುಗಳಲ್ಲಿ ಬಿರುಕು, ಸಡಿಲ ಬೋಲ್ಟು, ತುಕ್ಕಿನ ಗೆರೆ ಇವೆಯೇ ಎಂದು ತಂತಿ ಬ್ರಷ್ಷಿನಿಂದ ಉಜ್ಜಿ, ಬೆಳಕು ಹಿಡಿದು ನೋಡಿ. ಬಿರುಕು ಕಂಡರೆ ಮುಂದಿನ ಎಲ್ಲ ಕೆಲಸವನ್ನೂ ನಿಲ್ಲಿಸಿ, ಚಾಸಿ ದುರಸ್ತಿ ಮಾಡುವವರ ಬಳಿಗೆ ಒಯ್ಯಿರಿ.

ಮುಂಭಾಗದ ವಿಷಯ. ಎರಡು ಚಕ್ರದ ಚಾಲನೆಯ ನಿಮ್ಮ 1500ರಲ್ಲಿ ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗು ಇರುತ್ತದೆ. ನಾಲ್ಕು ಚಕ್ರದ ಚಾಲನೆಯ ಗಾಡಿಯಲ್ಲಿ ಕಾಯಿಲ್ ಬದಲು ತಿರುಚು ಸರಳು, ಅಂದರೆ ಟಾರ್ಷನ್ ಬಾರ್ ಇರುವುದರಿಂದ, ಆ ಗಾಡಿಗೆಂದು ಮಾರುವ ಕಿಟ್ಟು ನಿಮ್ಮದಕ್ಕೆ ಕೂರುವುದಿಲ್ಲ. ಕೊಳ್ಳುವಾಗ ಇದನ್ನು ಎರಡು ಸಲ ಓದಿಕೊಳ್ಳಿ. ತಗ್ಗಿಸುವವರು ಸಾಮಾನ್ಯವಾಗಿ ಚಕ್ರದ ಹಬ್ಬು (ನಡುಭಾಗ) ಮೇಲೆ ಸರಿದಿರುವ ಬೇರೆ ಸ್ಪಿಂಡಲ್ಲುಗಳಿಂದ (ಚಕ್ರವನ್ನು ಹೊತ್ತು ಆರ್ಮುಗಳಿಗೆ ಜೋಡಿಸುವ ಭಾಗ) 2 ಇಂಚು, ಗಿಡ್ಡ ಕಾಯಿಲ್ಲುಗಳಿಂದ ಮತ್ತೆರಡು ಇಂಚು ಇಳಿಸಿರುತ್ತಾರೆ. ಅವುಗಳ ಮೇಲೆ ಸ್ಪೇಸರ್ ಇಟ್ಟರೆ ಆರ್ಮುಗಳು ಕೆಳಮುಖವಾಗಿ ವಾಲಿ, ಆರ್ಮನ್ನು ಸ್ಪಿಂಡಲ್ಲಿಗೆ ಜೋಡಿಸುವ ಬಾಲ್ ಜಾಯಿಂಟು ತನ್ನ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಇಳಿಜಾರು ಹೆಚ್ಚಿ, ಪ್ರತಿ ಗುಂಡಿಯಲ್ಲೂ ಸ್ಟೀರಿಂಗು ತಾನಾಗಿಯೇ ಎಳೆಯುತ್ತದೆ. ಇಷ್ಟೆಲ್ಲ ಆದರೂ ಆ ಸ್ಪಿಂಡಲ್ಲು ಕಸಿದುಕೊಂಡ 2 ಇಂಚು ಹಾಗೆಯೇ ಉಳಿದಿರುತ್ತದೆ. ಮೂಲ ಸ್ಪಿಂಡಲ್, ಮೂಲ ಕಾಯಿಲ್, ಮೂಲ ಉದ್ದದ ಷಾಕ್ ಅಬ್ಸಾರ್ಬರ್, ಕತ್ತರಿಸದ ರಬ್ಬರ್ ಬಂಪ್ ಸ್ಟಾಪ್, ಸ್ವೇ ಬಾರಿನ ಮೂಲ ಕೊಂಡಿಗಳು ಇವೆಲ್ಲವನ್ನೂ ಮೊದಲು ಕೂಡಿಸಿಕೊಳ್ಳಿ. ಈ ಪೀಳಿಗೆಯ ಗಾಡಿಗಳು ಹಳೆಯ ವಾಹನಗಳ ಯಾರ್ಡುಗಳಲ್ಲಿ ಸಾಕಷ್ಟು ಸಿಗುತ್ತವೆ, ಸ್ಪಿಂಡಲ್ಲನ್ನು ಬ್ರೇಕ್ ಬ್ರಾಕೆಟ್ಟು ಸಮೇತ ತಂದರೆ ಕೆಲಸ ಹಗುರವಾಗುತ್ತದೆ. ಷಾಕ್ ಅಬ್ಸಾರ್ಬರನ್ನು ಮಾತ್ರ ಹೊಸದನ್ನೇ ಹಾಕಿ. ತಗ್ಗಿಸಿದ ಗಾಡಿಯ ಗಿಡ್ಡ ಷಾಕ್ ಉಳಿದುಬಿಟ್ಟರೆ, ಚಕ್ರ ಕೆಳಗೆ ಇಳಿದಾಗಲೆಲ್ಲ ಅದು ಪೂರ್ತಿ ಎಳೆದು ನಿಂತು ಕೊನೆಗೆ ಕಿತ್ತುಹೋಗುತ್ತದೆ.

ಕಾಯಿಲ್ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಅನುಭವವಿಲ್ಲದೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಕೈಯನ್ನಲ್ಲ, ಜೀವವನ್ನೇ ತೆಗೆಯುವಷ್ಟು ಬಲ ಅದರಲ್ಲಿರುತ್ತದೆ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್, ಕೆಳಗಿನ ಆರ್ಮಿಗೆ ಗಟ್ಟಿಯಾದ ಜ್ಯಾಕು, ಸ್ಪ್ರಿಂಗನ್ನು ಚಾಸಿಗೆ ಕಟ್ಟುವ ಸರಪಳಿ, ಈ ಮೂರೂ ಇಲ್ಲದೆ ನಾನು ಆ ನಟ್ಟನ್ನು ಮುಟ್ಟುವುದಿಲ್ಲ.

ಈಗ ನೀವು ಮಾಡಬೇಕಾದದ್ದು ಅಳತೆ. ಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾತ್ರ ಲೆಕ್ಕವನ್ನು ಕೆಡಿಸುತ್ತದೆ. ಅದೇ ಮಾದರಿಯ, ಬದಲಾವಣೆ ಮಾಡದ ಒಂದು ಗಾಡಿಯನ್ನು ಹುಡುಕಿ ಅದೇ ರೀತಿ ಅಳೆದು ಹೋಲಿಸಿ. ಗ್ಲವ್ ಬಾಕ್ಸಿನೊಳಗೆ ಅಂಟಿಸಿರುವ ಚೀಟಿಯ ಸಂಕೇತಗಳನ್ನೂ ಬರೆದುಕೊಳ್ಳಿ. ಝಡ್83 ಅಥವಾ ಝಡ್85 ಎಂಬುದು ಗಾಡಿಗೆ ಮೂಲದಲ್ಲಿ ಯಾವ ಸಸ್ಪೆನ್ಷನ್ ಇತ್ತು ಎಂಬುದನ್ನು ಹೇಳುತ್ತದೆ. ಜಿಯು6 ಇದ್ದರೆ ಹಿಂದಿನ ಆಕ್ಸಲ್ಲಿನ ಗೇರು ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟು ತಿರುಗುವ ಸುತ್ತುಗಳು) 3.42, ಜಿಟಿ4 ಇದ್ದರೆ 3.73.

ಉತ್ತರ: ಹಳೇ_ಡಿಪೊ (ಹುಬ್ಬಳ್ಳಿ, ಸದ್ಯ ಡಲ್ಲಾಸ್)

ನಾನು ಸಾರಿಗೆ ಸಂಸ್ಥೆಯ ಡಿಪೊ ವರ್ಕ್‌ಶಾಪಿನಲ್ಲಿ ಕಮಾನು ಪಟ್ಟಿಯ, ಅಂದರೆ ಲೀಫ್ ಸ್ಪ್ರಿಂಗಿನ, ಕೆಲಸವನ್ನೇ ಬಹುಕಾಲ ಮಾಡಿ ನಿವೃತ್ತನಾದವನು. ಈಗ ಮಗಳ ಮನೆಗೆ ಬಂದಿದ್ದೇನೆ. ಅಮೆರಿಕದ ಪಿಕಪ್ಪುಗಳ ಮೇಲೆ ನಾನು ಕೈಯಿಟ್ಟಿಲ್ಲವಾದರೂ ಕಮಾನು ಪಟ್ಟಿಯ ಸ್ವಭಾವ ಎಲ್ಲ ಕಡೆಯೂ ಒಂದೇ ಆದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಮೇಲಿನವರು ಹೇಳಿದ್ದರ ಜೊತೆಗೆ, ಎರಡೂ ಬದಿಯ ಪಟ್ಟಿಗಳನ್ನು ಎಣಿಸಿ. ಗಾಡಿ ತಗ್ಗಿಸುವಾಗ ಒಂದು ಪಟ್ಟಿಯನ್ನು ಎಳೆದು ಹಾಕಿರುವ ಸಾಧ್ಯತೆಯಿದೆ. ಪಟ್ಟಿ ಕಡಿಮೆಯಾದ ಸೆಟ್ಟಿನ ಮೇಲೆ ಬ್ಲಾಕ್ ಇಟ್ಟು ಎತ್ತರ ತಂದರೆ, ನೋಡಲು ಗಾಡಿ ಎತ್ತರವಾಗಿ ನಿಂತಿರುತ್ತದೆ, ಭಾರ ಹಾಕಿದ ಕೂಡಲೇ ಕುಸಿಯುತ್ತದೆ. ಪಟ್ಟಿಗಳನ್ನು ನಡುವೆ ಪೋಣಿಸಿರುವ ಸೆಂಟರ್ ಬೋಲ್ಟಿನ ತಲೆ ಸವೆದಿದ್ದರೆ ಬದಲಾಯಿಸಿ. ಆಕ್ಸಲ್ಲು ಓರೆಯಾಗದಂತೆ ಸ್ಥಳದಲ್ಲಿ ಹಿಡಿದಿಡುವುದು ಆ ಚಿಕ್ಕ ತಲೆಯೇ. ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬೇಡಿ. ಅವು ಒಮ್ಮೆ ಎಳೆತಕ್ಕೆ ಹಿಗ್ಗಿರುತ್ತವೆ, ಮತ್ತೆ ಬಿಗಿ ಹಿಡಿಯುವುದಿಲ್ಲ. ಹೊಸದನ್ನು ಹಾಕಿ ಟಾರ್ಕ್ ರೆಂಚಿನಿಂದ ನಾಲ್ಕನ್ನೂ ಅಡ್ಡಡ್ಡ ಕ್ರಮದಲ್ಲಿ ಬಿಗಿದು, ನೂರು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ನಮ್ಮಲ್ಲಿ ಈ ಎರಡನೆಯ ಬಿಗಿತವನ್ನು ಮಾಡದೆ ಗಾಡಿಯನ್ನು ಮಾರ್ಗಕ್ಕೆ ಬಿಡುತ್ತಿರಲಿಲ್ಲ.

ಪಟ್ಟಿಯ ತುದಿಗಳನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಬ್ರಾಕೆಟ್ಟುಗಳನ್ನೂ ಶ್ಯಾಕಲ್ಲುಗಳನ್ನೂ ಬದಲಾಯಿಸಿದ್ದಾರೆಯೇ ನೋಡಿ. ಕಾರ್ಖಾನೆಯವು ರಿವೆಟ್ಟಿನಿಂದ ಕೂತಿರುತ್ತವೆ. ರಿವೆಟ್ಟಿನ ಜಾಗದಲ್ಲಿ ಬೋಲ್ಟುಗಳು ಕಂಡರೆ ಯಾರೋ ಅದನ್ನು ತೆಗೆದಿದ್ದಾರೆಂದೇ ಅರ್ಥ. ಮೂಲ ಬ್ರಾಕೆಟ್ಟನ್ನು ಮರಳಿ ಹಾಕುವಾಗ ಹೆಚ್ಚು ಗಟ್ಟಿಯಾದ ಗ್ರೇಡ್ 8 ಬೋಲ್ಟುಗಳನ್ನೇ ಬಳಸಿ, ಅಂಗಡಿಯ ಸಾಮಾನ್ಯ ಬೋಲ್ಟು ಬೇಡ. ಬ್ಲಾಕ್ ಹಾಕಲೇಬೇಕಾದರೆ ಹಿಂದಿನ ಆಕ್ಸಲ್ಲಿಗೆ ಮಾತ್ರ, ಒಂದೇ ಅಖಂಡ ಬ್ಲಾಕ್. ಒಂದರ ಮೇಲೊಂದು ಪೇರಿಸಿದ ಬ್ಲಾಕ್ ಜಾರಿ ಆಕ್ಸಲ್ಲು ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀರು ಸಾಗಿಸುತ್ತೇನೆ ಎಂದಿದ್ದೀರಿ. ಒಂದು ಗ್ಯಾಲನ್ ನೀರಿನ ತೂಕ 8.34 ಪೌಂಡು. ಇಲ್ಲಿ ಕೃಷಿಕರು ಬಳಸುವ ಕಬ್ಬಿಣದ ಪಂಜರದ 275 ಗ್ಯಾಲನ್ನಿನ ಚೌಕ ಟ್ಯಾಂಕು ತುಂಬಿದರೆ ನೀರೊಂದೇ ಸುಮಾರು 2,290 ಪೌಂಡಾಗುತ್ತದೆ. ಅದನ್ನು ಈ ವರ್ಗದ ಪಿಕಪ್ಪಿನ ಮೇಲೆ ಪೂರ್ತಿ ತುಂಬಿ ಹೇರಬಾರದು. ಗಾಡಿಯನ್ನು ಎತ್ತರಿಸಿದ್ದರಿಂದ ಅದರ ಭಾರ ಹೊರುವ ಶಕ್ತಿ ಒಂದು ಪೌಂಡೂ ಹೆಚ್ಚುವುದಿಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವ ಮಿತಿಯೇ ಮಿತಿ.

ಪ್ರಶ್ನಿಸಿದವರ ಮರುಬರಹ: ಸುಣ್ಣಕಲ್ಲಿನ_ದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶನಿವಾರವಿಡೀ ಗಾಡಿಯ ಕೆಳಗೆ ಕಳೆದೆ. ನೆರೆಯವರೊಬ್ಬರ ಬಳಿ ಅದೇ ಮಾದರಿಯ ಮೂಲಸ್ಥಿತಿಯ ಗಾಡಿಯಿತ್ತು. ಅದಕ್ಕೆ ಹೋಲಿಸಿದರೆ ನನ್ನದು ಮುಂದೆ 4 ಇಂಚು, ಹಿಂದೆ 6 ಇಂಚು ಕಡಿಮೆಯಿದೆ. ಆಕ್ಸಲ್ಲು ಸ್ಪ್ರಿಂಗಿನ ಮೇಲೆಯೇ ಇದೆ, ಅಂದರೆ ಫ್ಲಿಪ್ ಕಿಟ್ ಇರುವುದು ಖಚಿತ. ಪೀಠಗಳನ್ನು ಕತ್ತರಿಸಿಲ್ಲ. ಚಾಸಿಯ ಬಲಪಟ್ಟಿಯನ್ನು ಬೋಲ್ಟಿನಿಂದ ಕೂರಿಸಿದ್ದಾರೆ, ಉಜ್ಜಿ ನೋಡಿದಾಗ ಬಿರುಕು ಕಾಣಲಿಲ್ಲ. ಬಲಬದಿಯಲ್ಲಿ ಒಂದು ನಟ್ಟು ಬೆರಳಿನಲ್ಲೇ ತಿರುಗಿತು, ಅದನ್ನು ನೋಡಿ ಎದೆ ನಡುಗಿತು. ಪಟ್ಟಿಗಳ ಸಂಖ್ಯೆ ನೆರೆಯವರ ಗಾಡಿಯಲ್ಲಿರುವಷ್ಟೇ ಇದೆ. ಚೀಟಿಯಲ್ಲಿ ಝಡ್83 ಮತ್ತು ಜಿಯು6 ಎಂದಿದೆ.

ಮೂಲ ಎತ್ತರಕ್ಕೆ ಮರಳುವುದೆಂದು ನಿಶ್ಚಯಿಸಿದ್ದೇನೆ. ಅದಕ್ಕಿಂತ ಮೇಲೆ ಎಷ್ಟು ಎತ್ತರಿಸುವುದು ವಿವೇಕ, ಯಾವ ಟೈರು ಹಾಕಬೇಕು ಎಂಬುದು ಈಗ ಉಳಿದಿರುವ ಪ್ರಶ್ನೆ. 285/75 ಅಳತೆಯ 16 ಇಂಚಿನ ಟೈರುಗಳ ಮೇಲೆ ನನಗೆ ಮನಸ್ಸಿದೆ.

ಉತ್ತರ: ಬಯಲು_ಬಂಡಿ (ಸ್ಯಾನ್ ಆಂಟೋನಿಯೊ)

ನೀವು ಗಾಡಿಯನ್ನು ಈಗಾಗಲೇ ಕೊಂಡಿರುವುದರಿಂದ ಹೇಳಲು ಹಿಂಜರಿಕೆಯಾಗುತ್ತದೆ. ತಗ್ಗಿಸಿದ ಗಾಡಿಯನ್ನೇ ಬಯಸಿ ಹುಡುಕುವವರು ಟೆಕ್ಸಸ್ಸಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಮಾರಿ, ಅದೇ ಕಾಲದ ನಾಲ್ಕು ಚಕ್ರದ ಚಾಲನೆಯ ಗಾಡಿಯನ್ನು ಕೊಂಡರೆ ಬಿಡಿಭಾಗಗಳ ಖರ್ಚು ಉಳಿಯಬಹುದು. ಎರಡು ಚಕ್ರದ ಚಾಲನೆಯ ಗಾಡಿ ಎಷ್ಟೇ ಎತ್ತರವಾದರೂ ಒದ್ದೆ ಸುಣ್ಣಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ತಿರುಗುತ್ತಾ ನಿಲ್ಲುತ್ತದೆ.

ಹಳ್ಳದ ದಾಟಿನ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಹಿಲ್ ಕಂಟ್ರಿಯಲ್ಲಿ ದಿಢೀರ್ ಪ್ರವಾಹ ಅಪರೂಪವಲ್ಲ. ಹರಿಯುವ ನೀರು 12 ಇಂಚಿದ್ದರೆ ಹೆಚ್ಚಿನ ಕಾರುಗಳನ್ನು, 2 ಅಡಿಯಿದ್ದರೆ ಪಿಕಪ್ಪುಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. ಎತ್ತರಿಸಿದ ಗಾಡಿಯಿದೆ ಎಂಬ ಧೈರ್ಯದಿಂದ ಮಕ್ಕಳನ್ನು ಕೂರಿಸಿಕೊಂಡು ನೀರಿಗೆ ಇಳಿಯಬೇಡಿ.

ಉತ್ತರ: ಗ್ಯಾರೇಜಿನ_ಮೂಲೆ (ಅರಿಜೋನಾ)

ಬಯಲು_ಬಂಡಿ ಅವರ ಎರಡನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ, ಏಕೆಂದರೆ ತುಕ್ಕಿಲ್ಲದ ಚಾಸಿಯ, ಎಂಜಿನ್ ಚೆನ್ನಾಗಿರುವ ಇಪ್ಪತ್ತು ವರ್ಷದ ಗಾಡಿ ಮತ್ತೆ ಸಿಗುವುದು ಸುಲಭವಲ್ಲ. ಆ ಸಡಿಲ ನಟ್ಟನ್ನು ಹಾಗೆಯೇ ಬಿಗಿದು ಸುಮ್ಮನಾಗಬೇಡಿ. ಆ ಬೋಲ್ಟುಗಳೆಲ್ಲವನ್ನೂ ಒಂದೊಂದಾಗಿ ತೆಗೆದು, ರಂಧ್ರ ಅಗಲವಾಗಿಲ್ಲವೆಂದು ನೋಡಿಕೊಂಡು, ಹೊಸ ಗ್ರೇಡ್ 8 ಬೋಲ್ಟು ಹಾಕಿ.

ಟೈರಿನ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಸಸ್ಪೆನ್ಷನ್ ಎತ್ತರಿಸಿದರೆ ಚಾಸಿ ಮೇಲೇಳುತ್ತದೆ, ಆದರೆ ಹಿಂದಿನ ಆಕ್ಸಲ್ಲಿನ ನಡುವಿನ, ಗೇರುಗಳಿರುವ ಗುಂಡು ಮಾತ್ರ ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರಿನ ವ್ಯಾಸವೊಂದೇ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ನಿಮ್ಮ ಈಗಿನ 255/45 ಟೈರಿನ ವ್ಯಾಸ 737 ಮಿಲಿಮೀಟರ್. ಕಾರ್ಖಾನೆಯ 245/75 ಅಳತೆಯ 16 ಇಂಚಿನ ಟೈರು 774, 265/75 ಆದರೆ 804, ನೀವು ಬಯಸಿರುವ 285/75 ಆದರೆ 834 ಮಿಲಿಮೀಟರ್. ಅಂದರೆ ಮೂಲ ಸಸ್ಪೆನ್ಷನ್ನಿಗೆ ಮರಳಿ 265/75 ಹಾಕಿದರೆ, ಈಗಿನದಕ್ಕಿಂತ ಚಾಸಿಯ ಹಿಂಭಾಗ ಸಸ್ಪೆನ್ಷನ್ನಿಂದ 6 ಇಂಚು, ಟೈರಿನಿಂದ ಒಂದೂಕಾಲು ಇಂಚು, ಒಟ್ಟು ಏಳೂಕಾಲು ಇಂಚು ಮೇಲೆ ಬರುತ್ತದೆ. ನಿಮ್ಮ ದಾರಿಯ ದಿಣ್ಣೆಗೆ ಇಷ್ಟೇ ಸಾಕಾದೀತು ಎಂಬುದು ನನ್ನ ಅಭಿಪ್ರಾಯ.

285 ಹಾಕಿದರೆ ಬೇರೆ ಲೆಕ್ಕಗಳೂ ಬದಲಾಗುತ್ತವೆ. ಮೀಟರು 60 ಮೈಲಿ ತೋರಿಸುವಾಗ ಗಾಡಿ ನಿಜವಾಗಿ 64.7 ಮೈಲಿ ವೇಗದಲ್ಲಿರುತ್ತದೆ. 3.42ರ ಅನುಪಾತ 3.17ರಷ್ಟು ಮಂದವಾದಂತೆ ವರ್ತಿಸುತ್ತದೆ, ಭಾರ ಹೇರಿ ಏರು ಹತ್ತುವಾಗ ಗೇರ್‌ಬಾಕ್ಸು ಬಿಸಿಯಾಗುತ್ತದೆ. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ದೂರ ಬೇಕಾಗುತ್ತದೆ. 265ರಲ್ಲಿ ಮೀಟರಿನ ವ್ಯತ್ಯಾಸ 60ಕ್ಕೆ ಎರಡೂಕಾಲು ಮೈಲಿಯಷ್ಟೇ, ಅದನ್ನೂ ಗಾಡಿಯ ಕಂಪ್ಯೂಟರಿನಲ್ಲಿ ತಿದ್ದಿಸಬಹುದು.

ಇನ್ನು, ಪಲ್ಟಿಯಾಗುವ ಅಪಾಯ. ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿ ಬಂದ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಪಲ್ಟಿಯ ಶ್ರೇಯಾಂಕಕ್ಕೆ ಬಳಸುತ್ತದೆ. ಉದಾಹರಣೆಗೆ ಅಗಲ 65 ಇಂಚು, ಕೇಂದ್ರದ ಎತ್ತರ 27 ಇಂಚು ಎಂದಿಟ್ಟುಕೊಂಡರೆ ಸಂಖ್ಯೆ 1.20. ಕೇಂದ್ರ 3 ಇಂಚು ಮೇಲೇರಿದರೆ ಅದು 1.08ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ವ್ಯತ್ಯಾಸ, ಅಡ್ಡ ಬಂದ ಜಿಂಕೆಯನ್ನು ತಪ್ಪಿಸಲು ಸ್ಟೀರಿಂಗು ಎಳೆದಾಗ ತಿಳಿಯುತ್ತದೆ. ಆದ್ದರಿಂದ ಮೂಲ ಎತ್ತರದಲ್ಲಿ ಒಂದೆರಡು ತಿಂಗಳು ಓಡಿಸಿ ನೋಡಿ. ಆಮೇಲೂ ಬೇಕೆನಿಸಿದರೆ, ಹಬ್ಬು ಕೆಳಗೆ ಸರಿದಿರುವ ಎತ್ತರದ ಸ್ಪಿಂಡಲ್ಲುಗಳನ್ನು ಮುಂದೆ ಹಾಕಿ. ಅವುಗಳಲ್ಲಿ ಆರ್ಮುಗಳ ಮೂಲ ಕೋನ ಉಳಿಯುತ್ತದೆ, ಸ್ಪೇಸರಿನಲ್ಲಿ ಉಳಿಯುವುದಿಲ್ಲ. ಹಿಂದೆ ಅದಕ್ಕೆ ತಕ್ಕ ಒಂದೇ ಬ್ಲಾಕ್ ಸಾಕು. ಯಾವ ಹಂತದಲ್ಲೇ ಆಗಲಿ, ಕೆಲಸ ಮುಗಿದ ದಿನವೇ ಕ್ಯಾಂಬರ್, ಕ್ಯಾಸ್ಟರ್, ಟೋ ಎಂಬ ಚಕ್ರದ ಮೂರು ಕೋನಗಳನ್ನೂ ಅಲೈನ್‌ಮೆಂಟ್ ಯಂತ್ರದ ಮೇಲೆ ಸರಿಪಡಿಸಿ, ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸೂ ಎಬಿಎಸ್ ತಂತಿಯೂ ಎಳೆದು ನಿಂತಿಲ್ಲವೆಂದು ನೋಡಿ. ಹೆಡ್‌ಲೈಟಿನ ದಿಕ್ಕನ್ನು ಕೆಳಗಿಳಿಸಿ. ಟೆಕ್ಸಸ್ ಕಾನೂನು ಹೆಡ್‌ಲೈಟು ನೆಲದಿಂದ 24ರಿಂದ 54 ಇಂಚಿನ ಒಳಗಿರಬೇಕೆನ್ನುತ್ತದೆ. ನಿಮ್ಮದು ಆ ಮಿತಿಯೊಳಗೇ ಉಳಿಯುತ್ತದೆ, ಆದರೆ ತಿದ್ದದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 2025ರ ಜನವರಿ 1ರಿಂದ ಟೆಕ್ಸಸ್ಸಿನಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆ ರದ್ದಾಗಿರುವುದರಿಂದ, ನಿಮ್ಮ ಬಾಲ್ ಜಾಯಿಂಟನ್ನು ನೀವೇ ನೋಡಿಕೊಳ್ಳದಿದ್ದರೆ ಬೇರೆ ಯಾರೂ ನೋಡುವುದಿಲ್ಲ.

ಪ್ರಶ್ನಿಸಿದವರ ಮರುಬರಹ: ಸುಣ್ಣಕಲ್ಲಿನ_ದಾರಿ

ಯಾರ್ಡಿನಲ್ಲಿ 2003ರ ಗಾಡಿಯೊಂದರಿಂದ ಎರಡೂ ಸ್ಪಿಂಡಲ್, ಕಾಯಿಲ್ ಮತ್ತು ಆರು ಬೋಲ್ಟಿನ 16 ಇಂಚಿನ ರಿಮ್ಮುಗಳು ಸಿಕ್ಕಿವೆ. ಕಾಯಿಲ್ ಕೆಲಸವನ್ನು ಅನುಭವವಿರುವ ಬೇರೊಂದು ಗ್ಯಾರೇಜಿಗೆ ಒಪ್ಪಿಸಿದ್ದೇನೆ. ಹಿಂಭಾಗವನ್ನು ನೆರೆಯವರೊಡನೆ ನಾನೇ ಮಾಡುತ್ತೇನೆ. ಹೊಸ ಯು ಬೋಲ್ಟುಗಳು ಗುರುವಾರ ಬರುತ್ತವೆ. ಟೈರು 265/75 ಎಂದೇ ತೀರ್ಮಾನಿಸಿದ್ದೇನೆ. ನೂರು ಮೈಲಿಯ ನಂತರದ ಎರಡನೆಯ ಬಿಗಿತ ಮುಗಿಸಿ, ಪಿನಿಯನ್ ಕೋನದ ಅಳತೆಯನ್ನು ಇಲ್ಲಿಯೇ ಬರೆಯುತ್ತೇನೆ.